ಬೆರಳು ದಪ್ಪದ ಬೂದಿ

ಕೊಪ್ಪರಿಗೆ ದ್ವೀಪ, ಬಡಗಕೇರಿ
ನೆಲ ಏರಿದ ನಲವತ್ತೆರಡನೆಯ ವರ್ಷ, ಮೂರನೆಯ ತಿಂಗಳ ನಲವತ್ತನೆಯ ದಿನ

ನಮಗಿಂತ ನಾನೂರು ವರ್ಷ ಹಿಂದೆ ಬದುಕಿರುವವರಿಗೆ,

ತಾರೀಕು ನೋಡಿ ಮುದುಕಿಗೆ ಲೆಕ್ಕ ತಪ್ಪಿದೆ ಎಂದುಕೊಳ್ಳಬೇಡಿ. ನಮ್ಮಲ್ಲಿ ವರ್ಷಕ್ಕೆ ಎಂಟು ತಿಂಗಳು, ತಿಂಗಳಿಗೆ ನಲವತ್ತೈದು ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ; ಆಗ ಯಾರೂ ಕಡಲಿಗೆ ಇಳಿಯದೆ ಬಲೆ ಸರಿಮಾಡುತ್ತ ಕೂರುತ್ತೇವೆ. ನಿಮ್ಮ ಎಣಿಕೆಯಲ್ಲಿ ಇದು ಎರಡು ಸಾವಿರದ ನಾನೂರ ಇಪ್ಪತ್ತರ ಆಸುಪಾಸು. ನನ್ನ ಮಾತು ನಿಮ್ಮ ಕಿವಿಗೆ ಅಲ್ಲಲ್ಲಿ ಒರಟಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತೆ, ನಮ್ಮ ಕನ್ನಡವನ್ನು ಮೀನು ಒಣಗಿಸುವ ಕಣದಲ್ಲಿ ಕಲಿತೆ. ಎರಡೂ ಇಲ್ಲಿ ಬೆರೆತಿವೆ. ಈ ಪತ್ರ ನಿಮ್ಮ ಕೈಗೆ ಹೇಗೆ ಸೇರುತ್ತದೆ ಎಂಬುದು ನನಗೆ ಗೊತ್ತಿಲ್ಲ. ಬರೆಯುವುದು ನನ್ನ ಕೆಲಸ, ಬರೆಯುತ್ತೇನೆ.

ನಿಮ್ಮ ನಕ್ಷೆಗಳಲ್ಲಿ ನಮ್ಮ ದ್ವೀಪ ಅಂಡಮಾನಿನ ಆಚೆ ಒಂದು ಚುಕ್ಕೆ. ಹೆಸರಿಲ್ಲ. ಪಕ್ಕದಲ್ಲಿ 'ಜ್ವಾಲಾಮುಖಿ, ಜನವಸತಿಗೆ ಯೋಗ್ಯವಲ್ಲ' ಎಂದಷ್ಟೇ ಬರೆದಿದೆ. ಆ ಯೋಗ್ಯವಲ್ಲದ ಜಾಗದಲ್ಲಿ ಈಗ ಮೂರು ಸಾವಿರ ಜನ ಇದ್ದೇವೆ. ಕುಂದಾಪುರದಿಂದ ಕಾರವಾರದವರೆಗಿನ ದಡವನ್ನು ಕಡಲು ತಿಂದ ಮೇಲೆ ನಮ್ಮ ಹಿರಿಯರು ದೋಣಿಗಳಲ್ಲಿ ಹೊರಟು, ಮೂರು ಬಂದರುಗಳಲ್ಲಿ ಇಳಿಯಗೊಡದೆ ಅಟ್ಟಿಸಿಕೊಂಡು, ಕಡೆಗೆ ಯಾರಿಗೂ ಬೇಡವಾದ ಈ ಬೆಟ್ಟಕ್ಕೆ ಬಂದರು. ಯಾರಿಗೂ ಬೇಡವಾಗಿತ್ತು, ಅದಕ್ಕೇ ಯಾರೂ ಎಬ್ಬಿಸಲಿಲ್ಲ. ಇಲ್ಲಿ ಸುಖವಾಗಿದ್ದೇವೆ. ನಮಗಾಗಿ ಮರುಗುವವರು ಇದ್ದರೆ ದಯವಿಟ್ಟು ಆ ಮರುಕವನ್ನು ಬೇರೆ ಯಾರಿಗಾದರೂ ಇಟ್ಟುಕೊಳ್ಳಿ.

ಕೊಪ್ಪರಿಗೆ ಎಂದು ಹೆಸರು ಬಂದದ್ದು ಆಕಾರದಿಂದ. ಒಂದು ಕಾಲದಲ್ಲಿ ಇಲ್ಲಿ ಎತ್ತರದ ಬೆಟ್ಟ ಇತ್ತು. ಅದರ ಹೊಟ್ಟೆಯಲ್ಲಿದ್ದ ಕರಗಿದ ಕಲ್ಲೆಲ್ಲ ಒಂದೇ ಸಲಕ್ಕೆ ಹೊರಗೆ ಸಿಡಿದು ಹೋದಾಗ ಮೇಲಿನ ಬೆಟ್ಟಕ್ಕೆ ಆಧಾರ ಉಳಿಯದೆ ಇಡಿಯಾಗಿ ಒಳಕ್ಕೆ ಕುಸಿಯಿತು. ಉಳಿದದ್ದು ಸುತ್ತಲಿನ ಅಂಚು ಮಾತ್ರ. ನಡುವೆ ಮದುವೆ ಅಡುಗೆಯ ಕೊಪ್ಪರಿಗೆಯಂಥ ತಗ್ಗು. ಒಂದು ಕಡೆ ಅಂಚು ಒಡೆದು ಸಮುದ್ರ ಒಳಗೆ ಬಂದಿದೆ. ಆ ನೀರಿಗೆ ಒಳಗಡಲು ಎನ್ನುತ್ತೇವೆ. ಅದರ ನಡುವೆ ಎದ್ದಿರುವ ಸಣ್ಣ ಕಪ್ಪು ಗುಡ್ಡಕ್ಕೆ ಹೊಕ್ಕುಳ ಎನ್ನುತ್ತೇವೆ. ಒಂದು ತುದಿಯಿಂದ ಇನ್ನೊಂದಕ್ಕೆ ಒಂದೂವರೆ ಹರಿದಾರಿ. ಅಂಚಿನ ಮೇಲೆ ಮನೆಗಳಿವೆ, ಮಾಡು ಕಡಿದಾಗಿ ಇಳಿಜಾರು, ಬೂದಿ ಬಿದ್ದರೆ ಜಾರಿಹೋಗಲಿ ಎಂದು. ಮಂಜಿಗೆ ಬಲೆ ಕಟ್ಟಿ ಕುಡಿಯುವ ನೀರು ಹಿಡಿಯುತ್ತೇವೆ. ಕಡುಬು ಬೇಯಿಸಲು ಸೌದೆ ಬೇಡ. ನೆಲದ ಬಿರುಕಿನಿಂದ ಹಬೆ ಬರುವಲ್ಲಿ ಗುಂಡಿ ತೋಡಿ, ಎಲೆಯ ಕೊಟ್ಟೆಗಳನ್ನು ಇಳಿಸಿ, ಮೇಲೆ ಕಲ್ಲು ಮುಚ್ಚಿದರೆ ಅರ್ಧ ಗಂಟೆಯಲ್ಲಿ ಬೆಂದಿರುತ್ತದೆ. ಸ್ವಲ್ಪ ಗಂಧಕದ ವಾಸನೆ ಇರುತ್ತದೆ. ಅದಿಲ್ಲದ ಕಡುಬು ನಮ್ಮ ಮಕ್ಕಳಿಗೆ ಸಪ್ಪೆ. ಹಳೆಯ ಬೂದಿಯ ಮಣ್ಣಿನಲ್ಲಿ ಜೀಗುಜ್ಜೆ, ಅಂದರೆ ದೀವಿಹಲಸಿನ ಮರಗಳು ಬಿಡುವ ಕಾಯಿ ಎತ್ತಲು ಎರಡು ಕೈ ಬೇಕು.

ನಾನು ಪದರಗಾರ್ತಿ. ಬೆಟ್ಟದ ಪದರಗಳನ್ನು ಓದುವವಳು ಎಂದು ಅರ್ಥ. ಬೆಟ್ಟ ಉಗುಳಿದ್ದೆಲ್ಲ ಒಂದರ ಮೇಲೊಂದು ಬಿದ್ದಿರುತ್ತದೆ. ನೀರಿನಲ್ಲಿ ತೇಲುವಷ್ಟು ಹಗುರವಾದ ಬೆಂಡುಗಲ್ಲು ಸಿಕ್ಕರೆ ಅದು ಆಕಾಶಕ್ಕೆ ಸಿಡಿದು ಬಿದ್ದದ್ದು. ಕಾವಿನಲ್ಲೇ ಒಂದಕ್ಕೊಂದು ಅಂಟಿ ಗಟ್ಟಿಯಾದ ಬೆಸುಗೆಬೂದಿ ಸಿಕ್ಕರೆ ಅದು ನೆಲ ಹಿಡಿದು ಹರಿದು ಬಂದದ್ದು. ಎರಡು ಪದರಗಳ ನಡುವೆ ಕಂದು ಮಣ್ಣು ಇದ್ದರೆ ಅಷ್ಟು ಕಾಲ ಬೆಟ್ಟ ಸುಮ್ಮನಿತ್ತು, ಹುಲ್ಲು ಬೆಳೆದಿತ್ತು, ಹುಳ ಓಡಾಡಿತ್ತು ಎಂದು ತಿಳಿಯಬೇಕು. ಮಣ್ಣು ಎಷ್ಟು ದಪ್ಪವೋ ಅಷ್ಟು ವರ್ಷ. ನನಗೆ ಇದನ್ನು ಕಲಿಸಿದವರು ಕುಪ್ಪಯ್ಯ ಖಾರ್ವಿ. ರಕ್ತಸಂಬಂಧವಿಲ್ಲ, ಆದರೂ ದೊಡ್ಡಪ್ಪ ಎಂದು ಕರೆಯುತ್ತಿದ್ದೆ. ಮಣ್ಣನ್ನು ನಾಲಗೆಯ ತುದಿಗೆ ಇಟ್ಟು ಬೂದಿ ಎಷ್ಟಿದೆ ಎಂದು ಹೇಳುತ್ತಿದ್ದರು. ಬಡಗ ದಿಕ್ಕಿನ ಬಂಡೆಯ ಗೋಡೆಯಲ್ಲಿ ಮೂರು ದಪ್ಪ ಬಿಳಿ ಪದರಗಳನ್ನು ಅವರು ಮೊದಲು ಗುರುತಿಸಿದರು. ಪ್ರತಿ ಎರಡರ ನಡುವೆ ಒಂದೊಂದು ಮೊಳ ಮಣ್ಣು, ಅಂದರೆ ಎಂಟುನೂರು ವರ್ಷ. ಮೇಲಿನ ಬಿಳಿಯ ಮೇಲೂ ಸುಮಾರು ಒಂದು ಮೊಳ ಮಣ್ಣು. ಈ ಬೆಟ್ಟ ಎಂಟುನೂರು ವರ್ಷಕ್ಕೊಮ್ಮೆ ದೊಡ್ಡದಾಗಿ ಸಿಡಿಯುತ್ತದೆ, ನಡುವೆ ನಿದ್ದೆ ಮಾಡುತ್ತದೆ ಎಂದು ಅವರು ಲೆಕ್ಕ ಕಟ್ಟಿದರು. ಆ ಬಿಳಿ ಪದರಗಳು ತೆಂಕ ದಿಕ್ಕಿನಲ್ಲಿ ತೆಳ್ಳಗೆ ಇದ್ದವು. ಅದಕ್ಕೇ ತೆಂಕಣ ಇಳಿಜಾರೇ ಕ್ಷೇಮ ಎಂದು ತೋರಿಸಿ ತೆಂಕಕೇರಿ ಎಂಬ ಊರನ್ನು ಅವರೇ ಕೂರಿಸಿದರು. ಆರುನೂರ ನಲವತ್ತು ಜನ, ಶಾಲೆ, ದೋಣಿಶಾಲೆ. ಊರಿನ ಹಿಂದೆ ತೆಂಕಬಾಯಿ ಎಂಬ ದುಂಡನೆಯ ಹೊಂಡ, ತಣ್ಣನೆಯ ನೀರು, ಬಟ್ಟೆ ಒಗೆಯುವ ಜಾಗ.

ನನಗೆ ಇಪ್ಪತ್ತೇಳು ವರ್ಷವಾಗಿದ್ದಾಗ ಬೆಟ್ಟದ ಒಡಲು ಉಬ್ಬಿ ನೆಲ ಏರಿತು; ನಮ್ಮ ವರ್ಷದ ಎಣಿಕೆ ಅಲ್ಲಿಂದಲೇ. ಮೊದಲು ತಿಳಿದದ್ದು ವಾಸನೆಯಿಂದ. ದೋಣಿ ಕಟ್ಟುವ ಧಕ್ಕೆಯ ಕಂಬಗಳಿಗೆ ಅಂಟಿದ್ದ ಕಲ್ವದ ಚಿಪ್ಪುಗಳು ನೀರಿನ ಮೇಲೆ ಬಂದು ಬಿಸಿಲಿಗೆ ಸತ್ತು ಕೊಳೆತಿದ್ದವು. ಹತ್ತು ದಿನದಲ್ಲಿ ಒಂದು ಗೇಣು, ಆರು ತಿಂಗಳಲ್ಲಿ ಒಂದೂವರೆ ಮೊಳ. ಅಷ್ಟರಲ್ಲಿ ದಡದ ಮಂಡಳಿಯ ಹಡಗು ಬಂತು. ಮುಳುಗಿದ ಊರುಗಳ ಜನರನ್ನು ಎಲ್ಲಿ ಇಡಬೇಕು ಎಂದು ತೀರ್ಮಾನಿಸುವವರು ಈ ಮಂಡಳಿಯವರು. ಬಂದ ಅಧಿಕಾರಿಯ ಹೆಸರು ತೇನ್ಮೊಳಿ. ನನಗಿಂತ ಹತ್ತು ವರ್ಷ ದೊಡ್ಡವರು, ಚೆನ್ನಾಗಿ ಕನ್ನಡ ಆಡುತ್ತಿದ್ದರು. ಬೇರೊಂದು ದ್ವೀಪದಲ್ಲಿ ಜನ ಹಡಗು ಹತ್ತಲು ತಡಮಾಡಿ ಇನ್ನೂರು ಮಂದಿ ಸತ್ತದ್ದನ್ನು ಕಣ್ಣಾರೆ ಕಂಡವರು. ಕೆಟ್ಟವರಲ್ಲ. ಮೀನು ಒಣಗಿಸುವ ಕಣದಲ್ಲಿ ನಿಂತು ಅವರು ಹೇಳಿದ್ದು ಇಷ್ಟು: ಎಂಟುನೂರು ವರ್ಷ ತುಂಬಿದೆ, ನೆಲ ಏರುತ್ತಿದೆ, ಎರಡೂ ಒಂದೇ ಮಾತು ಹೇಳುತ್ತಿವೆ. ತೊಂಬತ್ತು ದಿನದಲ್ಲಿ ನಾಲ್ಕು ಸಾವಿರ ಜನವೂ ಹಡಗು ಹತ್ತಬೇಕು. ಆಮೇಲೆ ಕೊಪ್ಪರಿಗೆಯನ್ನು ಮುಚ್ಚಲಾಗುತ್ತದೆ. ಯಾರೂ ತಿರುಗಿ ಬರುವಂತಿಲ್ಲ. ಜಾಗ ಇರುವ ಕಡೆಗೆ ಹತ್ತು ಮನೆ, ಇಪ್ಪತ್ತು ಮನೆ ಎಂದು ಹಂಚಿ ಕಳಿಸುತ್ತೇವೆ.

ನಮ್ಮ ಗುರಿಕಾರರು, ಅಂದರೆ ಊರಿಗೆಲ್ಲ ಹಿರಿಯರು, ಸೂರ ಮರಕಾಲರು. ಅವರು ಕೂತಲ್ಲಿಂದ ಏಳಲಿಲ್ಲ. "ಹತ್ತತ್ತು ಮನೆ ಹಂಚಿದರೆ ಇನ್ನೈವತ್ತು ವರ್ಷಕ್ಕೆ ನಾವು ಯಾರು ಎನ್ನುವುದೇ ಇರುವುದಿಲ್ಲ. ಬೆಟ್ಟ ಏರುತ್ತದೆ, ಇಳಿಯುತ್ತದೆ. ಒಬ್ಬನೂ ಕದಲಬೇಕಾಗಿಲ್ಲ," ಎಂದರು. ಕಣದ ತುಂಬ ಇದ್ದವರು ಹೂಂ ಎಂದರು. ನಾನೂ ಎಂದೆ.

ಮಂಡಳಿಗೆ ಪದರಗಳ ಹೊಸ ಚಿತ್ರ ಬೇಕಾಗಿತ್ತು. ದೊಡ್ಡಪ್ಪನಿಗೆ ಆಗ ಎಪ್ಪತ್ತೊಂದು. ಬಂಡೆ ಇಳಿಯಲು ಮಂಡಿ ಬಿಡುತ್ತಿರಲಿಲ್ಲ. ನನ್ನನ್ನು ಕಳಿಸಿದರು. ಹಗ್ಗ ಕಟ್ಟಿಕೊಂಡು ಬಡಗ ಗೋಡೆಯಲ್ಲಿ ತೂಗಾಡುತ್ತ ನಾನು ಅವರ ಮೂರು ಬಿಳಿ ಪದರಗಳನ್ನು ಅಳೆದೆ. ಅಳತೆ ಸರಿಯಾಗಿಯೇ ಇತ್ತು. ಆದರೆ ಕೆಳಗಿನ ಎರಡರ ನಡುವಿನ ಮಣ್ಣನ್ನು ಚಾಕುವಿನಿಂದ ಕೆರೆದಾಗ ಏನೋ ಕಡಿಮೆ ಎನ್ನಿಸಿತು. ಮೇಲಿನ ಮಣ್ಣಿನಲ್ಲಿ ಬೇರು ಇಳಿದ ಸಣ್ಣ ತೂತುಗಳು ಎಲ್ಲೆಲ್ಲೂ ಇದ್ದವು. ಇಲ್ಲಿ ಒಂದೂ ಇಲ್ಲ. ಹುಲ್ಲು ಬೆಳೆಯದ, ಹುಳ ಓಡಾಡದ ಮಣ್ಣು. ಒಳಗೆಲ್ಲ ಚೂರಾದ ಬೆಂಡುಗಲ್ಲು. ಅದು ಬೆಳೆದ ಮಣ್ಣಲ್ಲ, ಒಂದು ಮಳೆಗೆ ಮೇಲಿನಿಂದ ಕೊಚ್ಚಿ ಬಂದ ಕೆಸರು. ಅಂದರೆ ಕೆಳಗಿನ ಎರಡು ಬಿಳಿ ಪದರಗಳು ಒಂದೇ ಸ್ಫೋಟದವು. ನಡುವೆ ಕೆಲವು ವಾರ ಬಿಡುವು ಕೊಟ್ಟಿತ್ತು ಅಷ್ಟೆ. ಮೂರು ಸ್ಫೋಟ ಎರಡಾದವು. ಎರಡು ಸ್ಫೋಟದ ನಡುವೆ ಇರುವುದು ಒಂದೇ ಅಂತರ. ಒಂದು ಅಂತರದಿಂದ ಗಡಿಯಾರ ಮಾಡಲು ಬರುವುದಿಲ್ಲ.

ಸಂತೋಷವಾಗಬೇಕಿತ್ತು, ಮಂಡಳಿಯ ಲೆಕ್ಕ ಮುರಿದಿತ್ತು. ಆದರೆ ಬಡಗಿನಲ್ಲಿ ದೊಡ್ಡಪ್ಪ ತಪ್ಪಿದ್ದರೆ ತೆಂಕಿನಲ್ಲೂ ತಪ್ಪಿರಬಹುದಲ್ಲ? ತೆಂಕಕೇರಿಯ ಹಿತ್ತಲುಗಳಲ್ಲಿ, ಜೀಗುಜ್ಜೆ ಮರಗಳ ನಡುವೆ, ಹನ್ನೆರಡು ದಿನ ಗುಂಡಿ ತೋಡಿದೆ. ಅಲ್ಲಿ ಮೇಲಿನ ಬಿಳಿಯ ಮೇಲೆ ಬೂದುಬಣ್ಣದ ತೆಳು ಗೆರೆಗಳಿವೆ ಎಂದು ಎಲ್ಲರಿಗೂ ಗೊತ್ತಿತ್ತು. ಗಾಳಿ ತಂದ ಧೂಳು ಎಂದು ದೊಡ್ಡಪ್ಪ ಕಲಿಸಿದ್ದರು. ನಾನು ಅವುಗಳನ್ನು ಮೊದಲ ಸಲ ಮಂಡಿಯೂರಿ ನೋಡಿದೆ. ಏಳು ಗೆರೆ. ಒಂದೊಂದೂ ಬೆರಳು ದಪ್ಪ. ಗಾಳಿ ತಂದದ್ದಾದರೆ ಎಲ್ಲ ಕಡೆ ಒಂದೇ ಸಮ ಇರಬೇಕು. ಇವು ತೆಂಕಬಾಯಿಯ ಹತ್ತಿರ ಹೋದಂತೆ ದಪ್ಪವಾಗುತ್ತಿದ್ದವು, ಒಳಗೆ ಅಲೆ ಅಲೆಯಾಗಿ ಸಾಲುಗಳಿದ್ದವು, ಒಂದು ಮರದ ಬುಡ ಒಂದೇ ಮಗ್ಗುಲಲ್ಲಿ ಸುಟ್ಟು ಇದ್ದಿಲಾಗಿತ್ತು. ಓಡುಬೂದಿ. ಹೊಂಡದ ನೀರು ಕೆಳಗಿನ ಬಿಸಿಗೆ ತಾಗಿ ಸಿಡಿದಾಗ ಹಬೆ, ಕಲ್ಲು, ಬೂದಿ ಒಟ್ಟಾಗಿ ನೆಲದ ಮೇಲೆ ಉರುಳಿಕೊಂಡು ಬರುವುದಕ್ಕೆ ನಾವು ಹಾಗೆನ್ನುತ್ತೇವೆ. ಓಡಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಏಳರ ನಡುವಿನ ಮಣ್ಣು ಒಂದೊಂದು ಕಡೆ ಒಂದೊಂದು ದಪ್ಪ: ನಾಲ್ಕು ಬೆರಳು, ಒಂದು ಬೆರಳು, ಒಂದು ಗೇಣು. ಯಾವ ಗಡಿಯಾರವೂ ಇಲ್ಲ.

ಏಳನೆಯದರಲ್ಲಿ, ಅಂದರೆ ಎಲ್ಲಕ್ಕಿಂತ ಹೊಸದರಲ್ಲಿ, ನೀಲಿ ಬಣ್ಣದ ಏನೋ ಕಂಡಿತು. ಬೆರಳಿನಿಂದ ಬಿಡಿಸಿದೆ. ಮೀನಿನ ಬಲೆಯ ತುಂಡು. ಒಂದು ತುದಿಯಲ್ಲಿ ಗಂಟು ಹಾಗೇ ಇತ್ತು, ಇನ್ನೊಂದು ತುದಿ ಕರಗಿ ಮಣಿಯಂತಾಗಿತ್ತು. ಅಂಥ ನೂಲನ್ನು ಇನ್ನೂರೈವತ್ತು ವರ್ಷದಿಂದ ಯಾರೂ ಮಾಡಿಲ್ಲ. ಅದು ನಿಮ್ಮದು. ನಿಮ್ಮ ದೋಣಿಯೊಂದರಿಂದ ಕಳಚಿ, ಈ ದಡಕ್ಕೆ ತೇಲಿಬಂದು ಬಿದ್ದಿದ್ದ ಬಲೆ. ನೀವು ಬದುಕಿರುವಾಗಲೇ, ಅಥವಾ ನಿಮ್ಮ ಮಕ್ಕಳ ಕಾಲದಲ್ಲಿ, ತೆಂಕಬಾಯಿ ಒಂದು ದಿನ ಸಿಡಿದಿದೆ. ತೇನ್ಮೊಳಿಯವರ ಬಳಿ ನಿಮ್ಮ ಕಾಲದ ದಾಖಲೆಗಳೆಲ್ಲ ಇದ್ದವು. ಯಾವ ದಿನ ಎಲ್ಲಿ ಎಷ್ಟು ಮಳೆ ಬಿತ್ತು ಎಂಬುದೂ ಇತ್ತು. ಇಡೀ ಒಂದು ದಿನ ಹುಡುಕಿಸಿದರು. ಒಂದು ಸಾಲೂ ಸಿಗಲಿಲ್ಲ. ಯಾರೂ ಸಾಯದ ಕಾರಣ ಯಾರೂ ಬರೆಯಲಿಲ್ಲ ಎಂದು ಕಾಣುತ್ತದೆ. ಯಾವುದೋ ಹಡಗಿನವನು ದೂರದಲ್ಲಿ ಹೊಗೆ ಕಂಡು, ಚಹಾ ಕುಡಿದು, ಮರೆತಿರಬಹುದು.

ನಾನು ಕಂಡದ್ದನ್ನೆಲ್ಲ ತೇನ್ಮೊಳಿಯವರಿಗೂ ಗುರಿಕಾರರಿಗೂ ಹೇಳಿದೆ. ಇಬ್ಬರೂ ಬಾಯಿ ಮುಚ್ಚಿಕೊಂಡಿರಲು ಕೇಳಿದರು. ತೇನ್ಮೊಳಿಯವರು ನನ್ನನ್ನು ಹಡಗಿಗೆ ಕರೆಸಿ ಕೂರಿಸಿ, "ಮುತ್ತು ಅವರೇ, ನೀವು ಹೇಳುವುದು ನಿಜ ಇರಬಹುದು. ಆದರೆ ಗಡಿಯಾರ ಸುಳ್ಳು, ಬರುವುದು ಸಣ್ಣದು ಎಂದು ಕೇಳಿದರೆ ಒಬ್ಬರೂ ಹಡಗು ಹತ್ತುವುದಿಲ್ಲ. ಆಮೇಲೆ ದೊಡ್ಡದೇ ಬಂದರೆ?" ಎಂದರು. ದೊಡ್ಡದು ಬರುವುದಿಲ್ಲ ಎಂದು ನಾನು ಅಂದೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ. ಗುರಿಕಾರರು ತಮ್ಮ ಜಗಲಿಯಲ್ಲಿ ಗಂಜಿ ಕೊಡಿಸಿ, "ತೆಂಕಕೇರಿ ಕೆಟ್ಟ ಜಾಗ ಅಂತ ನಮ್ಮ ಹುಡುಗಿಯೇ ಹೇಳಿದರೆ ಅವರಿಗೆ ಅದೇ ಸಾಕು. ಇವತ್ತು ತೆಂಕಕೇರಿ ಬಿಡಿ ಅಂತಾರೆ, ನಾಳೆ ಕೊಪ್ಪರಿಗೆ. ನಿನ್ನ ಆ ಗೆರೆಗಳನ್ನು ಚಿತ್ರದಲ್ಲಿ ಹಾಕಬೇಡ. ಇಷ್ಟು ವರ್ಷ ಇರಲಿಲ್ಲ ಅಲ್ದಾ?" ಎಂದರು. ಒಬ್ಬರಿಗೆ ಎಲ್ಲರೂ ಹೋಗಬೇಕು, ಒಬ್ಬರಿಗೆ ಎಲ್ಲರೂ ಇರಬೇಕು. ಬೆಟ್ಟ ಇಬ್ಬರ ಮಾತನ್ನೂ ಕೇಳಿರಲಿಲ್ಲ.

ಮುಂದಿನ ಸಭೆಯಲ್ಲಿ ನಾನು ಏಳೂ ಗೆರೆಗಳಿದ್ದ ಚಿತ್ರವನ್ನು ಕಣದ ಬೇಲಿಗೆ ಕಟ್ಟಿದೆ. ಹಗ್ಗದ ಗಂಟು ಎರಡು ಸಲ ಬಿಚ್ಚಿಹೋಯಿತು. "ಎಂಟುನೂರು ವರ್ಷದ ಲೆಕ್ಕ ಸರಿಯಿಲ್ಲ, ಅದಕ್ಕಾಗಿ ನಾಲ್ಕು ಸಾವಿರ ಜನ ದ್ವೀಪ ಬಿಡುವುದು ಬೇಡ," ಎಂದೆ. ಊರವರು ಚಪ್ಪಾಳೆ ತಟ್ಟಿದರು. "ತೆಂಕಕೇರಿಯಲ್ಲಿ ಇನ್ನು ಒಂದು ದಿನವೂ ಯಾರೂ ಇರಬಾರದು," ಎಂದೆ. ಚಪ್ಪಾಳೆ ನಿಂತಿತು. ಗುರಿಕಾರರು ಮುಖ ತಿರುಗಿಸಿದರು. ತೇನ್ಮೊಳಿಯವರು ನೆಲ ನೋಡಿದರು. ದೊಡ್ಡಪ್ಪ ಎದ್ದು ನಿಂತು, ಎಲ್ಲರೆದುರು, "ಧೂಳಿಗೂ ಬೂದಿಗೂ ವ್ಯತ್ಯಾಸ ತಿಳಿಯದವಳಿಗೆ ನಾನು ಹತ್ತು ವರ್ಷ ಕಲಿಸಿದೆ," ಎಂದು ಹೇಳಿ ಹೊರಟುಹೋದರು. ಆ ಮಾತು ನನಗೆ ಇವತ್ತಿಗೂ ಉರಿಯುತ್ತದೆ.

ಮೂರು ದಿನದ ಮೇಲೆ, ಹೊತ್ತು ಏರುವ ಮುಂಚೆ, ಅವರು ನನ್ನ ಗುಂಡಿಯ ಹತ್ತಿರ ಬಂದರು. ಮಗಳು ಬಚ್ಚಿಯ ತೋಳು ಹಿಡಿದುಕೊಂಡಿದ್ದರು. ಅವಳಿಗೆ ನನ್ನದೇ ವಯಸ್ಸು, ದೋಣಿಶಾಲೆಯಲ್ಲಿ ಕೀಲು ಬಡಿಯುವ ಕೆಲಸ. ದೊಡ್ಡಪ್ಪ ಗುಂಡಿಗೆ ಇಳಿದರು. ಒಂದೊಂದು ಗೆರೆಯಿಂದ ಒಂದು ಚಿಟಿಕೆ ತೆಗೆದು ನಾಲಗೆಗೆ ಇಟ್ಟು, ಉಗಿದು, ಮುಂದಿನದಕ್ಕೆ ಹೋದರು. ಏಳನೆಯದನ್ನು ಉಗಿಯಲಿಲ್ಲ. ನಾನು ಬಲೆಯ ತುಂಡನ್ನು ಅವರ ಅಂಗೈಯಲ್ಲಿ ಇಟ್ಟೆ. ಕರಗಿದ ತುದಿಯನ್ನು ಹೆಬ್ಬೆರಳಿನಿಂದ ಸವರಿದರು.

"ಇದು ಇಲ್ಲೇ ಕರಗಿದ್ದಾ ಹೆಣ್ಣೆ? ಕರಗಿದ ಮೇಲೆ ಬಂದು ಬಿದ್ದದ್ದಲ್ವಾ?"

"ಕೆಳಗಿನ ಕಲ್ಲಿಗೆ ಅಂಟಿಕೊಂಡಿತ್ತು ದೊಡ್ಡಪ್ಪ. ಕಲ್ಲು ಇಲ್ಲೇ ಇದೆ, ಕಾಣಿ."

ಅವರು ಕಲ್ಲು ನೋಡಿದರು. ಆಮೇಲೆ ಮಗಳಿಗೆ, "ನನ್ನನ್ನು ಎತ್ತು ಬಚ್ಚಿ," ಎಂದರು.

ಆ ದಿನದಿಂದ ಅವರು ತೆಂಕಕೇರಿಯ ಬಾಗಿಲು ಬಾಗಿಲಿಗೂ ಹೋದರು. ನೂರ ಹತ್ತು ಮನೆ. ನಾನು ಜೊತೆಗೆ ಬರುತ್ತೇನೆ ಎಂದೆ, ಬೇಡ ಎಂದರು. ಪ್ರತಿ ಬಾಗಿಲಲ್ಲೂ ಒಂದೇ ಮಾತು: "ನಾನು ತಪ್ಪು ಎಣಿಸಿದೆ. ನಿಮ್ಮನ್ನು ಇಲ್ಲಿ ಕೂರಿಸಿದವನು ನಾನೇ, ಏಳಿ ಅಂತ ಹೇಳುವವನೂ ನಾನೇ. ಮೇಲೆ ಹೋಗಿ." ಕೆಲವರು ಬೈದರು. ಒಬ್ಬ ಹೆಂಗಸು ಮೀನು ತೊಳೆದ ನೀರು ಎರಚಿದಳು, ಅವರು ಮರುದಿನ ಅದೇ ಬಾಗಿಲಿಗೆ ಮತ್ತೆ ಹೋದರು. ಗುರಿಕಾರರು ಅಂಚಿನ ಮೇಲಿನ ಬಡಗಕೇರಿಯ ಮನೆಗಳಲ್ಲಿ ಜಾಗ ಮಾಡಿಸಲಿಲ್ಲ, ಆದರೆ ತಡೆಯಲೂ ಇಲ್ಲ. ನಾಲ್ಕನೆಯ ದಿನ ಅವರ ಹೆಂಡತಿಯೇ ಮೂರು ಸಂಸಾರಗಳನ್ನು ಜಗಲಿಗೆ ಕರೆದುಕೊಂಡರು. ಶಾಲೆಯ ಹಲಗೆಗಳನ್ನು ಮಕ್ಕಳೇ ಹೊತ್ತು ಅಂಚಿಗೆ ತಂದರು. ಹತ್ತೊಂಬತ್ತು ದಿನದಲ್ಲಿ ಆರುನೂರ ಇಪ್ಪತ್ತೊಂಬತ್ತು ಜನ ಮೇಲೆ ಬಂದರು. ಹತ್ತು ಜನ ಬರಲಿಲ್ಲ. ಅರ್ಧ ಮುಗಿದ ದೋಣಿ ಬಿಟ್ಟು ಬರುವುದಿಲ್ಲ ಎಂದವರು, ಹಾಸಿಗೆ ಹಿಡಿದ ತಾಯಿಯನ್ನು ಕದಲಿಸಲಾಗದವರು, ಸುಮ್ಮನೆ ನಂಬದವರು. ಹನ್ನೊಂದನೆಯವರು ದೊಡ್ಡಪ್ಪ. ಬಚ್ಚಿ ಕಾಲು ಹಿಡಿದು ಕರೆದಳು. "ಆ ಹತ್ತು ಜನ ಏಳಲಿ, ಹಿಂದೆಯೇ ಬರುತ್ತೇನೆ," ಎಂದರು. ನಾನು ಬೈದೆ, ಹುಚ್ಚು ಹಠ ಎಂದೆ. ಅವರು ನಕ್ಕು, "ಹಠ ನಿನಗೆ ಯಾರು ಕಲಿಸಿದ್ದು?" ಎಂದರು.

ಇಪ್ಪತ್ತೆರಡನೆಯ ದಿನ, ಬೆಳಗಿನ ಗಂಜಿಯ ಹೊತ್ತು. ನಾನು ಅಂಚಿನ ಮೇಲೆ ಹೊಸ ಶಾಲೆಗೆ ಕಂಬ ಹಿಡಿದಿದ್ದೆ. ಮೊದಲು ತೆಂಕಬಾಯಿಯ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಆಮೇಲೆ ಹೊಂಡದ ನೀರು ಕಪ್ಪು ಕೋಳಿಪುಕ್ಕಗಳ ಹಾಗೆ, ಒಂದರೊಳಗಿಂದ ಒಂದು, ಸದ್ದಿಲ್ಲದೆ ಮೇಲೆ ಬಂತು. ಸದ್ದು ಆಮೇಲೆ ಬಂತು, ಎದೆಯ ಮೇಲೆ ಕೈಯಿಟ್ಟು ತಳ್ಳಿದ ಹಾಗೆ. ಮೇಲೆ ಹೋದದ್ದು ಸ್ವಲ್ಪವೇ. ಬುಡದಿಂದ ಬೂದುಬಣ್ಣದ ಒಂದು ಸುತ್ತು ಸುತ್ತಲೂ ಹರಡಿತು, ಹಾಲು ಉಕ್ಕಿ ಒಲೆಯ ಮೇಲೆ ಹರಿಯುವಂತೆ. ಅದು ತೆಂಕಕೇರಿಯನ್ನು ದಾಟಲು ನಾನು ಮೂರು ಸಲ ಉಸಿರು ಎಳೆಯುವಷ್ಟು ಹೊತ್ತು ಹಿಡಿಯಿತು. ಒಳಗಡಲ ನೀರಿನ ಮೇಲೂ ಓಡಿ, ಹೊಕ್ಕುಳದ ಹತ್ತಿರ ಬಂದು ಸುಸ್ತಾಗಿ ನಿಂತಿತು. ನಮ್ಮ ಮೇಲೆ ಬಿದ್ದದ್ದು ಬೆಚ್ಚನೆಯ ಕೆಸರಿನ ಹನಿಗಳು ಮಾತ್ರ. ಎಲ್ಲ ಮುಗಿಯಲು ಕಾಲು ಗಂಟೆ ಹಿಡಿಯಲಿಲ್ಲ. ನನ್ನ ಪಕ್ಕದಲ್ಲಿದ್ದ ಬಚ್ಚಿ ಕಂಬವನ್ನು ಬಿಟ್ಟಿರಲಿಲ್ಲ. "ಕಂಬ ನೆಟ್ಟಗಿದೆಯಾ ನೋಡು," ಎಂದಳು. ನಾನು ನೋಡಿದೆ. ನೆಟ್ಟಗಿತ್ತು. ಮಣ್ಣು ತುಂಬಿದೆವು.

ಎರಡು ದಿನ ಬಿಟ್ಟು ಇಳಿದೆವು. ದೊಡ್ಡಪ್ಪ ಸಿಕ್ಕಿದ್ದು ಕೊನೆಯ ಮನೆಯ ಮೆಟ್ಟಿಲ ಮೇಲೆ. ಹಾಸಿಗೆ ಹಿಡಿದಿದ್ದ ಆ ತಾಯಿಯನ್ನು ಮಗ ಬೆನ್ನಿಗೆ ಕಟ್ಟಿಕೊಂಡಿದ್ದ. ಆ ಬೆಳಿಗ್ಗೆ ಅವರು ಒಪ್ಪಿ ಹೊರಟಿದ್ದರು. ಇದನ್ನು ಬರೆಯುವಾಗ ಕೈ ನಿಲ್ಲಿಸಿ ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದೆ. ಹನ್ನೊಂದು ಜನರನ್ನು ಸುಟ್ಟ ಮೇಲೆ ನಾನು ಮೊಳಕೋಲು ತೆಗೆದುಕೊಂಡು ಬೂದಿ ಅಳೆದೆ. ಊರಿನ ನಡುವೆ ಒಂದೂವರೆ ಬೆರಳು. ಒಂದು ಊರನ್ನು ಮುಗಿಸಲು ಅಷ್ಟು ಸಾಕು, ಆದರೆ ಅಲ್ಲಿ ಊರು ಮುಗಿಯಿತು ಎಂದು ಅದರಲ್ಲಿ ಕಾಣುವುದಿಲ್ಲ. ನೂರು ವರ್ಷ ಬಿಟ್ಟು ನೋಡಿದವನು ಧೂಳು ಎನ್ನುತ್ತಾನೆ.

ಹಡಗುಗಳು ಮತ್ತೆ ಬಂದವು, ಈ ಸಲ ಐದು. ಧಕ್ಕೆ ಅಷ್ಟರಲ್ಲಿ ಎರಡು ಮೊಳ ಏರಿತ್ತು, ಏಣಿ ಹಾಕಬೇಕಾಯಿತು. ತೇನ್ಮೊಳಿಯವರು ಏಣಿಯ ಬುಡದಲ್ಲಿ ನಿಂತು ಒಬ್ಬೊಬ್ಬರ ಹೆಸರು ಕರೆದು ಕೇಳಿದರು. ಒಂಬೈನೂರು ಜನ ಹತ್ತಿದರು. ಅವರಲ್ಲಿ ನನ್ನ ತಂಗಿಯೂ ಇದ್ದಳು, ಅವಳಿಗೆ ಎರಡು ಹಸುಗೂಸು. ಹೋದವರನ್ನು ನಾವು ಯಾರೂ ಹೀಯಾಳಿಸಲಿಲ್ಲ, ಅದನ್ನು ಇಲ್ಲಿ ಬರೆದಿಡುತ್ತೇನೆ. ಗುರಿಕಾರ ಸೂರ ಮರಕಾಲರು ತಮ್ಮ ಹೆಸರು ಬಂದಾಗ ತಲೆ ಎತ್ತಲಿಲ್ಲ. "ನಾನು ಮುತ್ತುವಿನ ಮಾತು ಕೇಳಿದ್ದರೆ ಆ ಹನ್ನೊಂದು ಜನ ಬದುಕಿರುತ್ತಿದ್ದರು. ನಾನು ಹೋಗುವುದಿಲ್ಲ, ಆದರೆ ಇನ್ನು ಯಾರ ಪರವಾಗಿಯೂ ಮಾತಾಡುವುದಿಲ್ಲ," ಎಂದರು. ಆಮೇಲೆ ಬಚ್ಚಿಯ ಹೆಸರು ಬಂತು.

"ನಿಮ್ಮ ತಂದೆ ತೀರಿಕೊಂಡರು," ಎಂದರು ತೇನ್ಮೊಳಿ, ಮೆಲ್ಲಗೆ. "ಇನ್ನೂ ಯಾಕೆ ಇಲ್ಲಿ?"

"ನೀವು ಹೇಳಿದ ದೊಡ್ಡದಕ್ಕೆ ಅಪ್ಪಯ್ಯ ಸಾಯಲಿಲ್ಲ ಅಮ್ಮಾ. ಯಾರೂ ಬರೆದಿಡದ ಸಣ್ಣದಕ್ಕೆ ಸತ್ತರು," ಎಂದಳು ಬಚ್ಚಿ. "ನಾವೆಲ್ಲ ಹಡಗು ಹತ್ತಿದರೆ ಮುಂದಿನ ಸಣ್ಣದನ್ನು ಬರೆಯುವವರು ಯಾರು? ಈ ನೆಲಕ್ಕೆ ನಾವಲ್ಲದಿದ್ದರೆ ಬೇರೆಯವರು ಬಂದೇ ಬರುತ್ತಾರೆ, ನಮ್ಮ ಹಾಗೆ ಎಲ್ಲೂ ಜಾಗ ಸಿಗದವರು. ತೆಂಕಕೇರಿ ಚೆಂದದ ಇಳಿಜಾರು. ಅವರೂ ಅಲ್ಲೇ ಮನೆ ಕಟ್ಟುತ್ತಾರೆ."

ತೇನ್ಮೊಳಿಯವರು ಅವಳ ಹೆಸರಿನ ಮುಂದೆ ಗೆರೆ ಎಳೆದು, ಮುಂದಿನ ಹೆಸರು ಕರೆದರು. ಆ ಸಂಜೆ ನನ್ನ ಬಳಿ ಬಂದು ಪದರಗಳ ಚಿತ್ರದ ಒಂದು ಪ್ರತಿ ಕೇಳಿ ತೆಗೆದುಕೊಂಡು ಹೋದರು, ಏಳರ ಮೇಲೆ ಎಂಟನೆಯದೂ ಇದ್ದದ್ದು.

ಆಮೇಲೆ ಮಂಡಳಿ ಆರು ಸಲ ಬಂದಿದೆ. ಪ್ರತಿ ಸಲ ಒಂದು ಹೊಸ ಗಡಿಯಾರ, ಒಂದು ಹೊಸ ಗಡುವು. ಪ್ರತಿ ಸಲ ನಾವು ಕೂರಿಸಿ ಕಡುಬು ಕೊಟ್ಟು, ಗುಂಡಿಗಳಿಗೆ ಇಳಿಸಿ, ಪದರ ತೋರಿಸಿ ಕಳಿಸಿದ್ದೇವೆ. ಈ ಬೆಟ್ಟ ನಮ್ಮನ್ನು ಒಂದು ದಿನ ಇಡಿಯಾಗಿ ನುಂಗಬಹುದು. ನಮಗೆ ಅದು ಗೊತ್ತು, ನಿಮಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಇದ್ದೇವೆ. ತೆಂಕಿನಲ್ಲಿ ಯಾರೂ ಮಲಗುವುದಿಲ್ಲ. ಜೀಗುಜ್ಜೆ ಕೊಯ್ಯಲು ಇಳಿದವರು ಹೊಂಡದ ನೀರಿಗೆ ಕೈಯಿಟ್ಟು ಬಿಸಿ ನೋಡಿ, ಬೆಚ್ಚಗಿದ್ದರೆ ಬುಟ್ಟಿ ಬಿಟ್ಟು ಹತ್ತುತ್ತಾರೆ. ಹತ್ತು ವರ್ಷ ತುಂಬಿದ ಪ್ರತಿ ಮಗುವೂ ತನ್ನ ಕೈಯಿಂದ ಒಂದು ಗುಂಡಿ ತೋಡಿ ಎಂಟನೆಯ ಪದರವನ್ನು ಮುಟ್ಟಬೇಕು, ಅದರಲ್ಲಿ ಸತ್ತ ಹನ್ನೊಂದು ಹೆಸರು ಹೇಳಬೇಕು. ಬಚ್ಚಿ ಈಗ ನಮ್ಮ ಗುರಿಕಾರ್ತಿ. ಅವಳಿಗೂ ಮಂಡಿ ನೋವು.

ನಿಮ್ಮಲ್ಲಿ ನಾನು ಕೇಳುವುದು ಒಂದೇ. ನೀವು ದೊಡ್ಡದನ್ನು ಬರೆಯುತ್ತೀರಿ, ಸಾವು ಎಣಿಸಿ ಬರೆಯುತ್ತೀರಿ. ಯಾರೂ ಸಾಯದ ದಿನ, ದೂರದಲ್ಲಿ ಅರ್ಧ ಗಂಟೆ ಹೊಗೆ ಎದ್ದು ಅಡಗಿದ ದಿನವನ್ನೂ ಬರೆಯಿರಿ. ಜನವಿಲ್ಲದ ಜಾಗವಾದರೂ ಬರೆಯಿರಿ. ಅಲ್ಲಿ ಮುಂದೆ ಯಾರು ಬಂದು ಒಲೆ ಹೂಡುತ್ತಾರೆಂದು ನಿಮಗೆ ಗೊತ್ತಿರುವುದಿಲ್ಲ. ನೀವು ಬರೆದಿದ್ದರೆ ಕುಪ್ಪಯ್ಯ ಖಾರ್ವಿಯವರು ಆ ಇಳಿಜಾರಿನಲ್ಲಿ ಊರು ಕೂರಿಸುತ್ತಿರಲಿಲ್ಲ. ಇದನ್ನು ನಿಮ್ಮನ್ನು ದೂರಲು ಹೇಳುತ್ತಿಲ್ಲ, ಆದರೆ ಹೇಳದೆ ಬಿಡುವುದೂ ಇಲ್ಲ.

ಹೇಗೆ ಬರೆಯಬೇಕು ಎಂದು ಕೇಳಿದರೆ, ಹದಿಮೂರು ವರ್ಷದ ಹಿಂದೆ ನಾನೇ ನಮ್ಮ ಪದರಗಳ ಪುಸ್ತಕದಲ್ಲಿ ಬರೆದ ಒಂದು ಪುಟವನ್ನು ಕೆಳಗೆ ನಕಲು ಮಾಡಿದ್ದೇನೆ. ಇಷ್ಟು ಸಾಕು. ನಮಸ್ಕಾರ.

ಮುತ್ತು ಖಾರ್ವಿ
ಪದರಗಾರ್ತಿ, ಕೊಪ್ಪರಿಗೆ

ಒಂಬತ್ತನೆಯ ಪದರ. ತೆಂಕಬಾಯಿಯಿಂದ. ನೆಲ ಏರಿದ ಇಪ್ಪತ್ತೊಂಬತ್ತನೆಯ ವರ್ಷ, ಆರನೆಯ ತಿಂಗಳ ಹನ್ನೆರಡನೆಯ ದಿನ, ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ. ಹೊಂಡದ ನೀರು ಎರಡು ದಿನದಿಂದ ಬೆಚ್ಚಗಿತ್ತು. ಓಡುಬೂದಿ ಹಳೆಯ ದೋಣಿಶಾಲೆಯವರೆಗೆ ಬಂತು. ದಪ್ಪ ಮುಕ್ಕಾಲು ಬೆರಳು. ಹದಿನಾಲ್ಕು ಜೀಗುಜ್ಜೆ ಮರ ಸುಟ್ಟವು. ಎರಡು ಮೇಕೆ ಸತ್ತವು. ಜನ ಯಾರೂ ಸಾಯಲಿಲ್ಲ.